ಗೇಟ್ ಹಾಕಿದಾಗ ಟ್ರಾಫಿಕ್ ಎಷ್ಟು?

ನನ್ನ ಮೊದಲ ಕೆಲಸ ಗಾಡಿ ಎಣಿಸುವುದು. ಸಿವಿಲ್ ಓದಿದ ಮಗ ಸರ್ಕಲ್‌ನಲ್ಲಿ ಕೊಡೆ ಹಿಡಿದು ಗೀಟು ಎಳೀತಾ ಕೂತಿದ್ದಾನೆ ಅಂತ ಯಾರೋ ಹೇಳಿ, ಅವ್ವ ಎರಡು ದಿನ ಸಪ್ಪಗಿದ್ದಳು. ರಸ್ತೆ ಸರ್ವೆ ಮಾಡುವ ಸಣ್ಣ ಕಂಪನಿ ಅದು. ದಾವಣಗೆರೆಯಲ್ಲಿ ಪಿ.ಬಿ. ರಸ್ತೆಗೆ ಕೂಡುವ ಒಂದು ಸರ್ಕಲ್ ನನ್ನ ಪಾಲಿಗೆ ಬಂದಿತ್ತು. ಪುಣೆ–ಬೆಂಗಳೂರು ಹೆದ್ದಾರಿ ಊರಾಚೆ ಸರಿದು ಎಷ್ಟೋ ವರ್ಷವಾದರೂ ಬಸ್ಸು, ಆಟೊ, ಅಂಗಡಿ ಎಲ್ಲ ಈ ಹಳೇ ರಸ್ತೆಯನ್ನೇ ನೆಚ್ಚಿಕೊಂಡಿವೆ.

ಹದಿನೈದು ನಿಮಿಷಕ್ಕೆ ಒಂದು ಹಾಳೆ. ಬೈಕು, ಆಟೊ, ಕಾರು, ಬಸ್ಸು, ಲಾರಿ, ಟ್ರ್ಯಾಕ್ಟರ್, ತಳ್ಳುಗಾಡಿ, ಎಲ್ಲಕ್ಕೂ ಬೇರೆ ಬೇರೆ ಕಾಲಂ. ನಾಲ್ಕು ಗೀಟು, ಐದನೆಯದು ಅಡ್ಡ. ಎತ್ತಿನಗಾಡಿಗೂ ಒಂದು ಕಾಲಂ ಇತ್ತು, ದಿನವಿಡೀ ಕಾದರೂ ಅದು ಖಾಲಿಯೇ ಉಳಿಯಿತು. ಬ್ಯಾಟರಿ ಆಟೊಗೆ ಮಾತ್ರ ಕಾಲಂ ಇರಲಿಲ್ಲ.

ಸಂಜೆ ಐದರಿಂದ ಐದೂವರೆಗೆ ಗೀಟು ಹಾಕಿ ಹಾಕಿ ಕೈ ಸೋತಿತು. ಆರರ ಹೊತ್ತಿಗೆ ಆರಾಮಾಯಿತು. ಕಣ್ಣೆದುರು ಬೈಕಿಗೆ ಬೈಕು ತಾಗಿ ನಿಂತಿದೆ, ಹಾರನ್ನಿಗೆ ಪಕ್ಕದವನ ಮಾತೂ ಕೇಳುತ್ತಿಲ್ಲ. ಆದರೆ ಎಣಿಸಲು ನಾನು ರಸ್ತೆಗೆ ಗುರುತಿಟ್ಟುಕೊಂಡ ಗೆರೆ ದಾಟುವ ಗಾಡಿ ಕಡಿಮೆ. ಸಿಕ್ಕಿದ್ದೇ ಸಮಯ ಅಂತ ಮಂಡಕ್ಕಿ-ಮಿರ್ಚಿ ತರಿಸಿಕೊಂಡು ತಿಂದೆ. ವರದಿಯಲ್ಲಿ ಬರೆದೆ: ‘ಐದೂವರೆಗೆ ದಟ್ಟಣೆ ಹೆಚ್ಚು, ಆರರ ನಂತರ ಇಳಿಮುಖ.’ ಬಣ್ಣದ ಗ್ರಾಫ್ ಬೇರೆ ಹಾಕಿದ್ದೆ.

ನಮ್ಮ ಸೀನಿಯರ್ ಹರಿಹರದವರು. ಗ್ರಾಫ್ ನೋಡಿ, ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

“ಅಶೋಕ ಟಾಕೀಸ್ ಹತ್ರ ರೈಲ್ವೆ ಗೇಟ್ ಹಾಕಿದಾಗ ನಿಂತಿದೀಯೇನಪ್ಪ?”

“ನಿಂತಿದೀನಿ ಸರ್.” ನಿಲ್ಲದವರು ಈ ಊರಲ್ಲಿ ಯಾರಿದ್ದಾರೆ.

“ಆಗ ಹಳಿ ಮೇಲೆ ಕೂತು ಎಣಿಸಿದ್ರೆ ಎಷ್ಟು ಗಾಡಿ ಸಿಗ್ತಾವೆ? ಸೊನ್ನೆ. ದಾವಣಗೆರೆಯಾಗೆ ಟ್ರಾಫಿಕ್ಕೇ ಇಲ್ಲ ಅಂತ ಬರೀತೀಯೇನು?”

ಬೆವರಿಳಿಯಿತು. ಗೆರೆ ದಾಟಿದ ಗಾಡಿ ಎಣಿಸಿದರೆ ರಸ್ತೆ ಎಷ್ಟನ್ನು ಬಿಟ್ಟುಕೊಟ್ಟಿತು ಎಂಬುದಷ್ಟೇ ಗೊತ್ತಾಗುತ್ತದೆ. ಎಷ್ಟು ಗಾಡಿ ಹೋಗಬೇಕಿತ್ತು ಎಂಬುದು ಹಿಂದಿನ ಸಾಲಿನಲ್ಲಿರುತ್ತದೆ. ಒಂದು ಮಿತಿ ದಾಟಿ ಗಾಡಿ ಸೇರಿದರೆ ಸಾಗುವ ಸಂಖ್ಯೆಯೇ ಇಳಿಯುತ್ತದೆ. ಇದನ್ನು ಕಾಲೇಜಲ್ಲಿ ಓದಿ, ಪರೀಕ್ಷೆಯಲ್ಲಿ ಚಿತ್ರ ಬರೆದು ಅಂಕವನ್ನೂ ತಗೊಂಡಿದ್ದೆ.

ಮರುವಾರ ಇಬ್ಬರು ಹೋದೆವು. ಒಬ್ಬ ಗೆರೆಯ ಹತ್ತಿರ. ಸಾಲಿನ ಬಾಲ ಎಲ್ಲಿದೆ ನೋಡಿ ಐದು ನಿಮಿಷಕ್ಕೊಮ್ಮೆ ಕರೆಂಟ್ ಕಂಬಕ್ಕೆ ಸೀಮೆಸುಣ್ಣದ ಗುರುತು ಹಾಕುವ ಕೆಲಸ ನನ್ನದು. ಆರು ಗಂಟೆಗೆ ಬಾಲ ಹಿಂದಿನ ಸರ್ಕಲ್ ತಲುಪಿ, ನಮ್ಮ ರಸ್ತೆಗೆ ಬರಬೇಕಿಲ್ಲದವರನ್ನೂ ಅಲ್ಲಿ ತಡೆದು ನಿಲ್ಲಿಸಿತ್ತು.

ಹಾಗೆ ಅಡ್ಡಾಡುವಾಗಲೇ ಕಾರಣವೂ ಕಂಡಿದ್ದು. ಸಿಗ್ನಲ್ ದಾಟಿದ ಕೂಡಲೇ ಎಡಕ್ಕೆ ಒಂದು ಬೇಕರಿ. ಅದರ ಮುಂದೆ ಜನ ನಿಲ್ಲುತ್ತಾರೆ, ಜನ ನಿಂತಲ್ಲಿ ಆಟೊ ನಿಲ್ಲುತ್ತದೆ. ಹಸಿರು ದೀಪ 25 ಸೆಕೆಂಡ್ ಇದೆ ಅನ್ನಿ. ಒಂದು ಸಾಲಿನಲ್ಲಿ ಸುಮಾರು ಎರಡು ಸೆಕೆಂಡಿಗೆ ಒಂದು ಕಾರು ದಾಟುತ್ತದೆ, ಅಂದರೆ ಹನ್ನೆರಡು ಕಾರು. ಆಟೊ ಹತ್ತು ಸೆಕೆಂಡ್ ಅಡ್ಡ ನಿಂತರೆ ಐದು ಕಾರು ಉಳಿದವು. ಮುಂದಿನ ಸರದಿಗೆ ಮತ್ತೆ ಐದು. ಈ ಬಾಕಿ ತೀರುವುದು ಅಂಗಡಿ ಮುಚ್ಚುವ ಹೊತ್ತಿಗೇ.

‘ಹಸಿರು ಜಾಸ್ತಿ ಕೊಡ್ರಿ’ ಎಂಬುದು ಎಲ್ಲರೂ ಕೊಡುವ ಸಲಹೆ. ಕೊಟ್ಟರೆ ಅಡ್ಡರಸ್ತೆಯವರಿಗೆ ಅಷ್ಟೇ ಕೆಂಪು. ಫ್ಲೈಓವರ್ ಕೇಳುವವರಿಗೂ ಬರವಿಲ್ಲ. ಬೆಂಗಳೂರಿನಲ್ಲಿ ಫ್ಲೈಓವರ್ ಇಳಿದ ಕೂಡಲೇ ಸಿಗ್ನಲ್ಲಿನಲ್ಲಿ ನಿಂತವರು ಹಾಗೆ ಕೇಳುವುದು ಕಮ್ಮಿ.

ಬಾಕಿಯ ಲೆಕ್ಕದಲ್ಲಿ ಒಳ್ಳೆಯ ಸುದ್ದಿಯೂ ಇದೆ. ತುಂಬಿ ತುಳುಕುವ ರಸ್ತೆಯಲ್ಲಿ ಸ್ವಲ್ಪ ಕಡಿಮೆಯಾದರೂ ಸಾಲು ಬಹಳ ಕರಗುತ್ತದೆ. ಸ್ವೀಡನ್ನಿನ ಸ್ಟಾಕ್‌ಹೋಮ್‌ನಲ್ಲಿ 2006ರ ಜನವರಿಯಿಂದ ಜುಲೈವರೆಗೆ, ನಗರದೊಳಗೆ ಬರುವ ಹೋಗುವ ವಾಹನಗಳಿಗೆ ಪ್ರಾಯೋಗಿಕವಾಗಿ ಶುಲ್ಕ ಹಾಕಿದರು. ಗಡಿ ದಾಟುವ ವಾಹನ ಕಡಿಮೆಯಾದದ್ದು ಐದರಲ್ಲಿ ಒಂದು ಪಾಲು, ಸಾಲಲ್ಲಿ ಕಾಯುವ ಸಮಯ ಇಳಿದದ್ದು ಅದಕ್ಕಿಂತ ಎಷ್ಟೋ ಹೆಚ್ಚು. 2007ರಲ್ಲಿ ಶುಲ್ಕವನ್ನು ಕಾಯಂ ಮಾಡಿದರು. ನಮ್ಮೂರಲ್ಲಿ ಶುಲ್ಕ ಹಾಕಿ ಅಂತ ನಾನು ಹೇಳಲಾರೆ, ಮನೆಯವರೇ ನನ್ನನ್ನು ಒಳಗೆ ಬಿಡಲಿಕ್ಕಿಲ್ಲ. ಶುಲ್ಕ ಹಾಕುವ ಮೊದಲು ಅವರು ಬಸ್ಸು ಹೆಚ್ಚಿಸಿದ್ದರು ಎಂಬುದನ್ನು ಮಾತ್ರ ಮರೆಯಬಾರದು.

ಬಸ್ಸಿನ ಲೆಕ್ಕವನ್ನು ನಾನು ಈಗ ಪ್ರತಿ ಮೀಟಿಂಗಿಗೂ ಒಯ್ಯುತ್ತೇನೆ. ರಸ್ತೆಗಳಿಗೆ ಮಾನದಂಡ ರೂಪಿಸುವ ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ 1990ರ ಮಾರ್ಗಸೂಚಿಯಲ್ಲಿ, ರಸ್ತೆಯಲ್ಲಿ ಹಿಡಿಯುವ ಜಾಗದ ಲೆಕ್ಕಕ್ಕೆ ಕಾರು ಒಂದು ಎಂದಾದರೆ, ಬೈಕು ಹೆಚ್ಚಿರುವ ಊರಿನಲ್ಲಿ ಒಂದು ಬೈಕಿಗೆ 0.75. ಬಸ್ಸಿಗೆ ಅತಿ ಹೆಚ್ಚೆಂದರೆ 3.7. ಐವತ್ತು ಜನ ಒಂದು ಬಸ್ಸಿನಲ್ಲಿ ಹೋದರೆ ನಾಲ್ಕು ಕಾರಿನ ಜಾಗ ಸಾಕು. ಅದೇ ಐವತ್ತು ಜನ ಇಬ್ಬಿಬ್ಬರಂತೆ ಬೈಕಿನಲ್ಲಿ ಹೋದರೆ ಹತ್ತೊಂಬತ್ತು ಕಾರಿನ ಜಾಗ ಬೇಕು. ಹೀಗೆ ಹೇಳುವ ನಾನು ಮೀಟಿಂಗಿಗೆ ಹೋಗುವುದು ಬೈಕಿನಲ್ಲೇ.

ಸರ್ಕಲ್‌ಗೆ ನಾವು ಸೂಚಿಸಿದ್ದು ಚಿಕ್ಕದು: ಆಟೊ ನಿಲ್ಲುವ ಜಾಗವನ್ನು ಐವತ್ತು ಮೀಟರ್ ಮುಂದಕ್ಕೆ ಹಾಕಿ, ಸಾಮಾನು ಇಳಿಸುವ ಲಾರಿಗಳು ಸಂಜೆ ಬಾರದಂತೆ ನೋಡಿಕೊಳ್ಳಿ. ಲಾರಿಯವರು ಬೇಗ ಒಪ್ಪಿದರು, ಸಂಜೆ ಸಿಕ್ಕಿಹಾಕಿಕೊಂಡು ಅವರಿಗೂ ಸಾಕಾಗಿತ್ತು. ಆಟೊ ಮಾತ್ರ ಬೋರ್ಡ್ ನೆಟ್ಟ ಎರಡೇ ವಾರಕ್ಕೆ ಬೇಕರಿ ಮುಂದೆ ವಾಪಸ್. ದಂಡ ಹಾಕಿಸಬೇಕು ಅಂತ ನಾನು ಹಾರಾಡಿದೆ. ಸ್ಟ್ಯಾಂಡಿನ ಹಿರಿಯ ಚಾಲಕರೊಬ್ಬರು ಜಗ್ಗಲಿಲ್ಲ. “ಜನ ಅಲ್ಲೇ ನಿಲ್ತಾರಲ್ರಿ ಸರ, ನಾವೊಬ್ರೇ ಮುಂದೆ ಹೋಗಿ ಏನ್ ಮಾಡಣ?”

ಬೇಕರಿಗೆ ತಗಡಿನ ಚಾವಣಿ ಇತ್ತು, ದೀಪ ಇತ್ತು. ನಾವು ತೋರಿಸಿದ ಜಾಗದಲ್ಲಿ ಬೋರ್ಡ್ ಬಿಟ್ಟರೆ ಬಿಸಿಲು, ಕತ್ತಲಾದರೆ ಕತ್ತಲು. ಸಾಲನ್ನು ಎಣಿಸಲು ಕಲಿತಿದ್ದ ನಾನು ಫುಟ್‌ಪಾತ್ ಮೇಲೆ ನಿಂತವರನ್ನು ಎಣಿಸಿರಲೇ ಇಲ್ಲ. ನಾಲ್ಕು ತಗಡು, ಒಂದು ದೀಪ, ಕೂರಲು ಒಂದು ಕಲ್ಲುಬೆಂಚು ಬಂದ ಮೇಲೆ ಜನ ಸರಿದರು. ಅವರ ಹಿಂದೆ ಆಟೊನೂ ಸರಿಯಿತು.

ಮೂರನೇ ಸಲ ಎಣಿಸಿದಾಗ ಆರು ಗಂಟೆಯ ಹಾಳೆಯಲ್ಲಿ ಗೀಟು ಹಿಡಿಸಲಿಲ್ಲ, ಹಿಂಬದಿಗೂ ಬರೆದೆ. ಬಾಲ ಎರಡನೇ ಕಂಬ ದಾಟಿರಲಿಲ್ಲ. ಹೊಸ ಗ್ರಾಫನ್ನು ಮೀಟಿಂಗಿನಲ್ಲಿ ಹೆಮ್ಮೆಯಿಂದ ತೋರಿಸಿದೆ. ಎದುರು ಕೂತಿದ್ದ ಅಧಿಕಾರಿಯೊಬ್ಬರು ಹುಬ್ಬು ಗಂಟಿಕ್ಕಿ ಕೇಳಿದರು, “ಏನ್ರಿ ಇದು, ಆರು ಗಂಟೆಗೆ ಟ್ರಾಫಿಕ್ ಮೊದಲಿಗಿಂತ ಜಾಸ್ತಿ ಆಗಿದೆಯಲ್ಲ?”