ಕೋಬ್ರಾ ಕಿಟ್‌ಗೆ ಷೆವರ್ಲೆ ಎಂಜಿನ್

1962ರ ಷೆಲ್ಬಿ ಕೋಬ್ರಾದಲ್ಲಿದ್ದದ್ದು ಫೋರ್ಡ್ ವಿ8, ಅಂದರೆ ಎಂಟು ಸಿಲಿಂಡರಿನ ಎಂಜಿನ್. ಹಾಗಾಗಿ ಕೋಬ್ರಾ ಮಾದರಿಯ ಕಿಟ್‌ ಕಾರಿಗೆ (ಬಿಡಿಭಾಗ ಕೊಂಡು ನಾವೇ ಜೋಡಿಸುವ ಕಾರು) ಷೆವರ್ಲೆ ಎಂಜಿನ್ ಹಾಕಿದರೆ ಅಭಿಮಾನಿಗಳು ಮುಖ ಸಿಂಡರಿಸುತ್ತಾರೆ. ಆದರೂ ಷೆವರ್ಲೆಯ ಎಲ್‌ಎಸ್ ಸರಣಿಯ ಎಲ್‌ಎಸ್3 ಎಂಜಿನ್ನಿಗೆ ನನ್ನ ಮತವಿದೆ. 6.2 ಲೀಟರ್, 430 ಅಶ್ವಶಕ್ತಿ. ವಾಲ್ವ್ ತೆರೆಯುವ ಕ್ಯಾಮ್‌ಶಾಫ್ಟ್ ಬ್ಲಾಕಿನೊಳಗೇ ಇರುವುದರಿಂದ ಮೇಲಿನ ಹೆಡ್‌ಗಳು ಚಿಕ್ಕವು. ಫೋರ್ಡ್‌ನ 5.0 ಲೀಟರ್ ಕೊಯೊಟಿ ಎಂಜಿನ್ನಿನಲ್ಲಿ ನಾಲ್ಕು ಕ್ಯಾಮ್‌ಗಳು ಮೇಲೆ ಕೂತು ಅಗಲ ಹೆಚ್ಚಿಸುತ್ತವೆ, ಇಕ್ಕಟ್ಟಾದ ಎಂಜಿನ್ ಬೇಯಲ್ಲಿ ಕೈ ಆಡುವುದೇ ಕಷ್ಟ.

ಮೊದಲು ಎಂಜಿನ್ ತಳದ ಆಯಿಲ್ ಪ್ಯಾನ್ ನೋಡಿ. ಟ್ರಕ್‌ನಿಂದ ತೆಗೆದ ಎಲ್‌ಎಸ್ ಎಂಜಿನ್ನಿನ ಆಳವಾದ ಪ್ಯಾನ್ ಚಾಸಿಗಿಂತ ಕೆಳಗೆ ಇಳಿದು ರಸ್ತೆಗೆ ತಾಗುತ್ತದೆ. ಗಿಡ್ಡ ಪ್ಯಾನ್, ಅದಕ್ಕೆ ಹೊಂದುವ, ಎಣ್ಣೆ ಹೀರುವ ಪಿಕಪ್ ಟ್ಯೂಬ್ ಎರಡನ್ನೂ ಒಟ್ಟಿಗೇ ಕೊಳ್ಳಿ. ಮೌಂಟ್, ಬೆಲ್‌ಹೌಸಿಂಗ್ (ಎಂಜಿನ್, ಗೇರ್‌ಬಾಕ್ಸ್ ನಡುವಿನ ಕವಚ), ಫ್ಲೈವೀಲ್ ಎಲ್ಲವೂ ಎಲ್‌ಎಸ್‌ನದೇ ಆಗಬೇಕು. ಸ್ಟಿಯರಿಂಗ್ ಶಾಫ್ಟ್‌ಗೂ ಹೆಡರ್‌ಗೂ (ಹೊಗೆ ಕೊಳವೆ) ನಡುವೆ ಜಾಗ ಇದೆಯೇ ಎಂದು ಎಂಜಿನ್ ಕೂರಿಸಿಯೇ ಅಳೆಯಿರಿ.

ಬೆಲ್‌ಹೌಸಿಂಗ್‌ನ ನಡುರಂಧ್ರ ಕ್ರ್ಯಾಂಕ್‌ಗೆ ನೇರವಾಗಿದೆಯೇ? ಡಯಲ್ ಗೇಜನ್ನು ಫ್ಲೈವೀಲ್‌ಗೆ ಕಚ್ಚಿಸಿ, ಅದರ ತುದಿಯನ್ನು ರಂಧ್ರದ ಒಳಅಂಚಿಗೆ ತಾಗಿಸಿ, ಕ್ರ್ಯಾಂಕ್ ಪೂರ್ತಿ ಒಂದು ಸುತ್ತು ತಿರುಗಿಸಿ. ಮುಳ್ಳಿನ ಒಟ್ಟು ಓಲಾಟ 0.005 ಇಂಚು ಮೀರಿದರೆ ಆಫ್‌ಸೆಟ್ ಡೋವೆಲ್ (ಕೇಂದ್ರ ಸರಿಸಿದ ಪಿನ್) ಹಾಕಿ ಸರಿಪಡಿಸಿ. ಇದನ್ನು ಬಿಟ್ಟರೆ ಗೇರ್ ಬಿಗಿಯುತ್ತದೆ, ಇನ್‌ಪುಟ್ ಬೇರಿಂಗ್ ಬೇಗ ಸವೆಯುತ್ತದೆ.

ಇಂಧನ ಒತ್ತಡ 58 ಪಿಎಸ್ಐ. ಹೆಡ್‌ಗಳ ಆವಿ ಕೊಳವೆಯನ್ನು ಮಾತ್ರ ಮುಚ್ಚಬೇಡಿ, ರೇಡಿಯೇಟರ್‌ನ ಮೇಲ್ತುದಿಗೋ ಕೂಲಂಟ್ ತುಂಬುವ ಸರ್ಜ್ ಟ್ಯಾಂಕ್‌ಗೋ ಜೋಡಿಸಿ. ಗಾಳಿ ಒಳಗೇ ಸಿಕ್ಕಿಕೊಂಡರೆ ಹೆಡ್ ಕಾಯುತ್ತದೆ, ಸೆನ್ಸರ್ ಇರುವ ಜಾಗದಲ್ಲಿ ನೀರಿಲ್ಲದಿದ್ದರೆ ಮೀಟರ್ ಅದನ್ನು ತೋರಿಸುವುದೂ ಇಲ್ಲ.