ಡಬ್ಬಿ ಬೇರೆ, ಗುಂಪು ಅದೇ

ಪುಣೆಯಲ್ಲಿ ಕಳೆನಾಶಕ ತಯಾರಿಸುವ ಕಂಪನಿಯೊಂದರ ತಾಂತ್ರಿಕ ವಿಭಾಗದಲ್ಲಿ ನನ್ನ ಕೆಲಸ. ಕನ್ನಡ ಬರುತ್ತದೆಂಬ ಕಾರಣಕ್ಕೆ ಬೀದರ್, ಅಕ್ಕಲಕೋಟೆ ಕಡೆಯ ದೂರುಗಳೆಲ್ಲ ನನ್ನ ಮೇಜಿಗೇ ಬರುತ್ತವೆ. ಮಳೆಗಾಲದಲ್ಲಿ ಸೋಯಾ ಬೆಳೆಗಾರರ ಮಾತು ಒಂದೇ: "ಎಣ್ಣೆ ಹೊಡೆದೆವು, ಕಸ ಸಾಯಲಿಲ್ಲ."

ಹೊಸಬರು ತಕ್ಷಣ "ನಿರೋಧಕತೆ", ಅಂದರೆ ಕಳೆ ಔಷಧಿಗೆ ಜಗ್ಗದಂತಾಗಿದೆ, ಎಂದು ಬರೆದುಬಿಡುತ್ತಾರೆ. ನಾನು ಮೊದಲು ಫೋಟೊ ತರಿಸುತ್ತೇನೆ. ಎಲ್ಲ ಜಾತಿಯ ಕಳೆಗಳೂ ಅರೆಜೀವವಾಗಿ ಉಳಿದಿದ್ದರೆ ಸಾಮಾನ್ಯವಾಗಿ ಸಿಂಪರಣೆಯದೇ ದೋಷ: ಕಳೆ ನಾಲ್ಕೆಲೆ ದಾಟಿರುತ್ತದೆ, ಇಲ್ಲವೇ ಬೆನ್ನಿಗೇ ಮಳೆ ಸುರಿದಿರುತ್ತದೆ. ಆದರೆ ಮಿಕ್ಕ ಕಸವೆಲ್ಲ ಒಣಗಿ ಒಂದೇ ಜಾತಿ ಹಸಿರಾಗಿದ್ದು, ಅದರಲ್ಲೂ ಸತ್ತ ಗಿಡದ ಪಕ್ಕದಲ್ಲೇ ಅದೇ ಜಾತಿಯ ಇನ್ನೊಂದು ನೆಟ್ಟಗೆ ನಿಂತಿದ್ದರೆ ಅನುಮಾನ ಏಳುತ್ತದೆ. ಅದರ ಬೀಜವನ್ನೂ ಎಂದೂ ಔಷಧಿ ಕಾಣದ ಹೊಲದ ಬೀಜವನ್ನೂ ಕುಂಡಗಳಲ್ಲಿ ಬೆಳೆಸಿ, ಅರ್ಧ, ಪೂರ್ತಿ, ಎರಡು ಪಟ್ಟು, ನಾಲ್ಕು ಪಟ್ಟು ಪ್ರಮಾಣ ಸಿಂಪಡಿಸಿ ಹೋಲಿಸಿದ ಮೇಲೆಯೇ ತೀರ್ಪು.

"ಪ್ರತಿ ವರ್ಷ ಬೇರೆ ಬೇರೆ ಹೊಡೆಯುತ್ತೇವೆ" ಎನ್ನುತ್ತಾರೆ. ಕೆದಕಿದರೆ ಒಮ್ಮೆ ಇಮಾಜೆಥಾಪೈರ್, ಇನ್ನೊಮ್ಮೆ ಕ್ಲೋರಿಮ್ಯುರಾನ್. ಡಬ್ಬಿ, ಕಂಪನಿ, ಬೆಲೆ ಎಲ್ಲವೂ ಬೇರೆ. ಎರಡೂ ತಡೆಯುವುದು ಮಾತ್ರ ಗಿಡದ ಎಎಲ್‌ಎಸ್ ಎಂಬ ಒಂದೇ ಕಿಣ್ವವನ್ನು; ಅಂದರೆ ಗುಂಪು ಒಂದೇ. ಆ ಕಿಣ್ವದಲ್ಲಿ ಒಂದು ಅಮೈನೊ ಆಮ್ಲ ಬದಲಾದರೂ ಗಿಡ ಪಾರಾಗಬಹುದು. ಡಬ್ಬಿಯ ಮೇಲಿನ ತ್ರಿಕೋನ ನೋಡಿ ಹಳದಿ ಬಿಟ್ಟು ನೀಲಿ ಕೊಂಡವರೂ ಇದ್ದಾರೆ. ಆ ಬಣ್ಣ ಹೇಳುವುದು ವಿಷ ಮನುಷ್ಯನಿಗೆ ಎಷ್ಟು ತೀವ್ರ ಎಂಬುದನ್ನು, ಕಳೆನಾಶಕದ ಗುಂಪನ್ನಲ್ಲ.

ಪಂಜಾಬ್, ಹರಿಯಾಣದ ಗೋಧಿ ಹೊಲಗಳ ಗುಲ್ಲಿ ದಂಡಾ ಎಂಬ ಕಳೆ 1990ರ ದಶಕದ ಆರಂಭದಲ್ಲಿ ಐಸೊಪ್ರೊಟ್ಯುರಾನ್ ಎಂಬ ಕಳೆನಾಶಕಕ್ಕೆ ಜಗ್ಗದಾಯಿತು. ಅಲ್ಲಿ ಗಿಡ ಔಷಧಿಯನ್ನೇ ಒಡೆದು ಅರಗಿಸಿಕೊಳ್ಳುತ್ತಿತ್ತು. ಆಮೇಲೆ ಬೇರೆ ಗುಂಪುಗಳಿಂದ ತಂದ ಕ್ಲೊಡಿನಾಫಾಪ್, ಸಲ್ಫೊಸಲ್ಫ್ಯುರಾನ್ ಕೂಡ ಹಲವೆಡೆ ಸೋತವು.

ಆದ್ದರಿಂದ ಗುಂಪು ಬದಲಿಸಿ ಎಂದಷ್ಟೇ ಹೇಳಿ ಫೋನ್ ಇಡುವುದಿಲ್ಲ. ಬಿತ್ತಿದ ಕೂಡಲೇ, ಮೊಳಕೆ ಬರುವ ಮುನ್ನ ಬೇರೆ ಗುಂಪಿನ ಪೆಂಡಿಮೆಥಾಲಿನ್ ಹೊಡೆಯಿರಿ, ಸಾಲಿನ ನಡುವೆ ಎಡೆಕುಂಟೆ ಹಾಯಿಸಿ, ಮರುವರ್ಷ ಆ ಹೊಲಕ್ಕೆ ಮೆಕ್ಕೆಜೋಳ ಹಾಕಿ ಎನ್ನುತ್ತೇನೆ. ನಮ್ಮ ಮಾರಾಟದವರಿಗೆ ಎಡೆಕುಂಟೆಯ ಮಾತು ಹಿಡಿಸುವುದಿಲ್ಲ; ಅದಕ್ಕೆ ಬಿಲ್ ಆಗುವುದಿಲ್ಲವಲ್ಲ! ಕೂಲಿ ದುಬಾರಿ ಎಂದು ರೈತರೂ ಗೊಣಗುತ್ತಾರೆ, ಅದು ನಿಜವೇ. ಹಾಗಿದ್ದರೆ ಇಡೀ ಹೊಲ ಬೇಡ, ಸಾಯದೆ ಉಳಿದ ಆ ತೇಪೆಯನ್ನಾದರೂ ಬೀಜ ಕಟ್ಟುವ ಮುನ್ನ ಕೀಳಿಸಿ, ಬೀಜ ಬೇರೆಡೆಗೆ ಹರಡದಂತೆ ಒಕ್ಕಣೆ ಯಂತ್ರವನ್ನು ಅಲ್ಲಿಗೆ ಎಲ್ಲಕ್ಕಿಂತ ಕೊನೆಗೆ ಕಳುಹಿಸಿ ಎನ್ನುತ್ತೇನೆ.