ಅಂಗಳದಲ್ಲೇ ನಿಂತು ಹೋದವರು

"ಜಗಲಿ ಹತ್ತಿಸಲಿಲ್ಲ ಮಾರಾಯ್ತಿ. ಅಂಗಳದಲ್ಲೇ ನಿಂತು ಹೋದರು."

ಅತ್ತೆ ಇದನ್ನು ಹೇಳಿದ್ದು ಮೊನ್ನೆ ಭಾನುವಾರ, ಬ್ರಹ್ಮಾವರದ ಮನೆಯಲ್ಲಿ. ಆಮೇಲೆ ನನಗೆ ಬೇರೆ ಯಾವ ಕೆಲಸಕ್ಕೂ ಮನಸ್ಸು ಬರುತ್ತಿಲ್ಲ.

ನಾನು ಹೋದದ್ದು ದೊಡ್ಡಜ್ಜನ ಸುದ್ದಿ ಸಿಕ್ಕಿತು ಎಂದು ಹೇಳಲಿಕ್ಕೆ. ಅವರು ನಮ್ಮಜ್ಜನ ಅಣ್ಣ, ಮದ್ರಾಸಿನ ಪಿಡಬ್ಲ್ಯೂಡಿಯಲ್ಲಿ ಇಂಜಿನಿಯರ್. ನಮ್ಮ ಜಿಲ್ಲೆ ಆಗ ಮದ್ರಾಸಿಗೇ ಸೇರಿತ್ತಲ್ಲ. 1907ರಲ್ಲಿ ಮಂಗಳೂರಿಗೆ ರೈಲು ಬಂದ ಮೇಲಂತೂ ಓದಿದ ಹುಡುಗರು ಅತ್ತ ಹೋಗುವುದು ಸುಲಭವಾಯಿತು. ಮನೆಯಲ್ಲಿ ಅವರ ಮಾತು ಬಂದರೆ ದೊಡ್ಡವರೆಲ್ಲ ದನಿ ತಗ್ಗಿಸುತ್ತಿದ್ದರು. "ಎಂತದೋ ಗುಟ್ಟಿನ ಸಂಘ ಸೇರಿದ್ರಂತೆ" ಎನ್ನುವಲ್ಲಿಗೆ ಕಥೆ ಮುಗಿಯುತ್ತಿತ್ತು. ಉಳಿದದ್ದು ಅವರ ಗಡಿಯಾರದ ಸರಪಳಿಯಲ್ಲಿದ್ದ ಬೆಳ್ಳಿಯ ಪದಕ ಒಂದೇ. ಹೆಬ್ಬೆರಳಿನ ಉಗುರಿನಷ್ಟು ದೊಡ್ಡದು. ಕೆಳಗೆ ಮೂಲೆಮಟ್ಟ, ಮೇಲೆ ಕಾಲು ಅಗಲಿಸಿದ ಕೈವಾರ. ಇಂಜಿನಿಯರ್ ಅಲ್ವಾ, ಆಫೀಸಿನವರು ಕೊಟ್ಟಿರಬೇಕು ಎಂದುಕೊಂಡು ಎಲ್ಲರೂ ಸುಮ್ಮನಿದ್ದರು. ಅದು ಫ್ರೀಮೇಸನ್ನರ ಗುರುತು, ಅಂದರೆ ಒಬ್ಬರನ್ನೊಬ್ಬರು ಸಹೋದರರೆಂದು ಕರೆಯುವ ಒಂದು ಹಳೆಯ ಸಂಘದವರದ್ದು. ಅವರ ಒಂದೊಂದು ಶಾಖೆಗೂ ಲಾಡ್ಜ್ ಎನ್ನುತ್ತಾರೆ.

ಮೊದಲು ಹುಡುಕಿದ್ದು ಮಂಗಳೂರಿನ ಹಳೆ ವಾರಪತ್ರಿಕೆಗಳಲ್ಲಿ. 1948ರಲ್ಲಿ ಅವರು ತೀರಿಕೊಂಡ ಸುದ್ದಿ ಸಿಕ್ಕಿತು. ನಾಲ್ಕು ಸಾಲು. ಕೆಲಸ, ಊರು, ಮನೆತನ ಎಲ್ಲ ಇತ್ತು, ಸಂಘದ ಮಾತಿಲ್ಲ. ಕೊಟ್ಟವರು ಮನೆಯವರೇ ತಾನೇ, ಅವರು ಹೇಗೆ ಬರೆಸುತ್ತಾರೆ? ಆಮೇಲೆ ಮದ್ರಾಸಿನ ಇಂಗ್ಲಿಷ್ ಪತ್ರಿಕೆಗಳ ಸ್ಕ್ಯಾನ್ ಮಾಡಿದ ಪುಟಗಳಿಗೆ ಕೈ ಹಾಕಿದೆ. ಲಾಡ್ಜಿನ ಒಳಗಿನ ವಿಧಿಗಳು ಗುಟ್ಟು, ಸದಸ್ಯರ ಹೆಸರು ಗುಟ್ಟಲ್ಲ. ಹೊಸ ಪದಾಧಿಕಾರಿಗಳನ್ನು ಕೂರಿಸಿದಾಗ ಪಟ್ಟಿ ಪೇಪರಿಗೇ ಹೋಗುತ್ತಿತ್ತು. ಆದರೆ 'ರಾವ್' ಎಂದು ಈಗಿನ ಸ್ಪೆಲ್ಲಿಂಗಿನಲ್ಲಿ ಹುಡುಕಿದರೆ ಏನೂ ಬರುವುದಿಲ್ಲ. ಆಗ ಮದ್ರಾಸಿನ ಕಡೆ ಅದನ್ನು ಆರ್, ಓ, ಡಬ್ಲ್ಯೂ ಎಂದು ಬರೆಯುತ್ತಿದ್ದದ್ದೇ ಜಾಸ್ತಿ. 'ಮಿಸ್ಟರ್' ಬದಲು ಹೆಸರಿನ ಮುಂದೆ 'ಬ್ರೋ', ಅಂದರೆ ಬ್ರದರ್, ಅಂತ ಇರುತ್ತದೆ. ಇದು ಹೊಳೆದ ಮೇಲೆ ದೊಡ್ಡಜ್ಜ ಸಿಕ್ಕಿದರು, ಗಿಂಡಿ ಕುದುರೆ ರೇಸಿನ ಫಲಿತಾಂಶದ ಕೆಳಗೆ, ಇರುವೆ ಸಾಲಿನಂಥ ಅಕ್ಷರಗಳಲ್ಲಿ. ಇನಿಷಿಯಲ್ ಸರಿ, ಇಲಾಖೆ ಸರಿ. ಹುದ್ದೆ: ಸ್ಟೂವರ್ಡ್.

ಸ್ಟೂವರ್ಡ್ ಅಂದರೆ ಸಭೆ ಮುಗಿದ ಮೇಲೆ ಊಟದ ಮೇಜಿನಲ್ಲಿ ಎಲ್ಲರಿಗೂ ಸರಿಯಾಗಿ ಬಡಿಸುವಂತೆ ನೋಡಿಕೊಳ್ಳುವವನು. ಪಟ್ಟಿಯಲ್ಲಿ ಅವರ ಮೇಲೆ ಕೆಳಗೆ ಇದ್ದವರು ಇಂಗ್ಲಿಷರು, ಒಬ್ಬ ಪಾರ್ಸಿ, ಇಬ್ಬರು ಮುಸ್ಲಿಮರು, ಒಬ್ಬ ಮುದಲಿಯಾರ್. ಉಡುಪಿಯ ಸುತ್ತಮುತ್ತ ಪಂಕ್ತಿ ಎಂದರೆ ಏನು ಎಂದು ಗೊತ್ತಿದ್ದವರಿಗೆ ಹೆಚ್ಚು ಹೇಳಬೇಕಿಲ್ಲ. ನಮ್ಮ ಮನೆಯ ಸಿಟ್ಟು ಗುಟ್ಟಿನ ಮೇಲೆ ಅಲ್ಲವೇ ಅಲ್ಲ. ಅವರು ಯಾರ ಜೊತೆ ಕೂತು ಉಂಡರು ಎಂಬುದರ ಮೇಲೆ.

ಇದನ್ನೆಲ್ಲ ಓದಿ ಹೇಳಿದಾಗ ಅತ್ತೆ ಸ್ವಲ್ಪ ಹೊತ್ತು ಪದಕವನ್ನೇ ತಿರುಗಿಸುತ್ತಾ ಕೂತರು. ಆಮೇಲೆ ಹೇಳಿದ್ದು ಆ ಮಾತು.

ದೊಡ್ಡಜ್ಜ ತೀರಿಕೊಂಡ ಮೂರನೇ ದಿನ ಕಪ್ಪು ಕೋಟಿನ ಮೂವರು ಬಂದಿದ್ದರಂತೆ. ಮಂಗಳೂರಿನಿಂದ, ಕಡವಿನಲ್ಲಿ ದೋಣಿ ಹತ್ತಿ ಇಳಿದು, ಮಳೆಯಲ್ಲಿ. ಒಬ್ಬರ ಕೈಯಲ್ಲಿ ಒಂದು ಹಸಿರು ಗೆಲ್ಲು. ಅತ್ತೆಗೆ ಆಗ ಹತ್ತು ವರ್ಷ, ಬಾಗಿಲ ಸಂದಿಯಿಂದ ನೋಡಿದ್ದರು. ಆ ಗೆಲ್ಲು ಯಾಕೆ ಎಂದು ಮನೆಯಲ್ಲಿ ಯಾರೂ ಕೇಳಲಿಲ್ಲ. ಆತ್ಮಕ್ಕೆ ಸಾವಿಲ್ಲ ಎನ್ನುವುದಕ್ಕೆ ಮೇಸನ್ನರು ಜಾಲಿಯ ಗೆಲ್ಲನ್ನು ಗುರುತಾಗಿ ಇಟ್ಟುಕೊಂಡಿದ್ದಾರೆ. ತೀರಿಹೋದ ತಮ್ಮವನಿಗೆ ಅದನ್ನು ಇಡುವುದು ಅವರ ಪದ್ಧತಿ.

"ಯಾರು ಹತ್ತಿಸಲಿಲ್ಲ ಅತ್ತೆ?"

"ಅಪ್ಪಯ್ಯನೇ. ಮತ್ತೆ ಯಾರು?"

ಅಜ್ಜನನ್ನು ನಾನು ಕಂಡಿದ್ದೇನೆ. ದನಕ್ಕೂ ಗದರದ ಮನುಷ್ಯ. ಅಷ್ಟು ದೂರದಿಂದ ಅಣ್ಣನಿಗಾಗಿ ಬಂದವರನ್ನು ಅವರು ಮಳೆಯಲ್ಲಿ ನಿಲ್ಲಿಸಿದರು. ಒಳ್ಳೆಯವರು ಊರಿಗೆ ಹೆದರಿ ಮಾಡುವ ಕೆಲಸ ಕೆಟ್ಟವರು ಮಾಡುವುದಕ್ಕಿಂತ ಜಾಸ್ತಿ ನೋಯಿಸುತ್ತದೆ, ನನಗಂತೂ. ಊರಿನ ಭಯ ಸುಳ್ಳೇನಲ್ಲ. ಇದೇ ಜಿಲ್ಲೆಯಲ್ಲಿ ಕುದ್ಮುಲ್ ರಂಗರಾಯರು 1892ರಲ್ಲಿ ದಲಿತ ಮಕ್ಕಳಿಗೆ ಶಾಲೆ ತೆರೆದಾಗ ಅವರ ಮನೆಯವರಿಗೂ ಬಹಿಷ್ಕಾರ ಬಿತ್ತು. ರಂಗರಾಯರು ಹಿಂದೆ ಸರಿಯಲಿಲ್ಲ. ಅಜ್ಜ ಸರಿದರು.

ಲಾಡ್ಜನ್ನು ಸುಮ್ನೆ ಹೊಗಳಲಿಕ್ಕೂ ನನಗೆ ಮನಸ್ಸಿಲ್ಲ. ಬಾಗಿಲಲ್ಲಿ ನಿಲ್ಲಿಸಿದ ಕಥೆ ಅಲ್ಲಿಯೂ ಇದೆ. ಕಲ್ಕತ್ತೆಯ ಪ್ರಸನ್ನ ಕುಮಾರ ದತ್ತರು ಹಿಂದೂ ಎಂಬ ಕಾರಣಕ್ಕೆ ವರ್ಷಗಟ್ಟಲೆ ಹೊರಗೆ ಕಾದು, ವಾದ ಮಾಡಿ, ಕೊನೆಗೆ 1872ರಲ್ಲಿ ಒಳಗೆ ಹೋದರು. 1961ರಲ್ಲಿ ಲಾಡ್ಜುಗಳನ್ನು ನೋಡಿಕೊಳ್ಳಲು ನಮ್ಮ ದೇಶದ್ದೇ ಗ್ರ್ಯಾಂಡ್ ಲಾಡ್ಜ್ ಆಫ್ ಇಂಡಿಯಾ ಆಯಿತು. ಅಲ್ಲಿ ಹೆಂಗಸರಿಗೆ ಇಂದಿಗೂ ಜಾಗ ಇಲ್ಲ. ಆದರೂ ಗೀತೆ, ಕುರಾನ್, ಬೈಬಲ್ ಮೂರನ್ನೂ ಒಂದೇ ಕೋಣೆಯಲ್ಲಿ ಇಟ್ಟು, ಅವರವರ ಗ್ರಂಥದ ಮೇಲೆ ಅವರವರಿಂದ ಪ್ರಮಾಣ ಮಾಡಿಸುತ್ತಿದ್ದ ಜಾಗ ಅದು. ದೊಡ್ಡಜ್ಜನಿಗೆ ನಮ್ಮ ಮನೆಯಲ್ಲಿ ಸಿಗದ್ದು ಏನೋ ಅಲ್ಲಿ ಸಿಕ್ಕಿತು ಎಂದು ನನಗೆ ಖಂಡಿತ ಅನಿಸುತ್ತದೆ.

ಈಗ ಮನೆತನದ ವಂಶಾವಳಿ ಪುಸ್ತಕ ಆಗುತ್ತಿದೆ. ನೋಡಿಕೊಳ್ಳುವವನು ಚಿಕ್ಕಪ್ಪನ ಮಗ. ಲೆಕ್ಕದಲ್ಲಿ ಚುರುಕು, ಆದರೆ ಯಾರೂ ಏನೂ ಅನ್ನಬಾರದು ಎಂಬ ಸ್ವಭಾವ. "ಅದೆಲ್ಲ ಈಗ ಯಾಕೆ? ಕ್ರೈಸ್ತರ ಸಂಘ ಅಂತಾರೆ" ಎಂದ. ವಿವೇಕಾನಂದರೂ 1884ರಲ್ಲಿ ಕಲ್ಕತ್ತೆಯ ಲಾಡ್ಜಿಗೆ ಸೇರಿದ್ದರು ಎಂದೆ. "ಹಾಗಾದ್ರೆ ಸಂಘದ ಹೆಸರು ಹಾಕುವ, ಅಂಗಳದ ಕಥೆ ಬೇಡ" ಎಂದು ರಾಜಿಗೆ ಬಂದ.

ಅತ್ತೆಗೆ ಫೋನ್ ಮಾಡಿ ಕೇಳಿದೆ.

"ಅದೂ ಹಾಕು. ಅಪ್ಪಯ್ಯನ ಹೆಸರೂ ಹಾಕು" ಎಂದರು. "ಇಲ್ಲದಿದ್ರೆ ಅವರನ್ನು ನಿಲ್ಲಿಸಿದ್ದು ಯಾರು ಅಂತ ಮಕ್ಕಳಿಗೆ ಗೊತ್ತಾಗುದು ಹೇಗೆ?"

ಅವನು ಇನ್ನೂ ಒಪ್ಪಿಲ್ಲ. ಪುಸ್ತಕ ಅಚ್ಚಿಗೆ ಹೋಗುವುದು ದೀಪಾವಳಿ ಕಳೆದ ಮೇಲೆ. ಅಷ್ಟರೊಳಗೆ ಒಪ್ಪಿಸುತ್ತೇನೆ.